ಬೂಟಿನೊಳಗಿನ ಹಾಲು

ಇನ್ನೊಬ್ಬರ ಕಥೆಗೆ ಬಾಲ ಅಂಟಿಸುವ ಚಟವಿದ್ದವರನ್ನು ಇಂಥ ಪ್ರಸಂಗಗಳು ಹುಡುಕಿಕೊಂಡು ಬರುತ್ತವೆ. ಎಪ್ಪತ್ತರ ದಶಕದ ಮಾತು. ನಾನು ಭಾಂಡುಪ್‌ನ ಕಾರ್ಖಾನೆಯೊಂದರಲ್ಲಿ ಕಾರಕೂನ, ಇನ್ನೂ ಪ್ರೊಬೇಶನ್ ಮೇಲಿದ್ದೆ. ನಾವೆಲ್ಲ ಓದುತ್ತಿದ್ದ ವಾರಪತ್ರಿಕೆಯ ಧಾರಾವಾಹಿಯಲ್ಲಿ ಒಬ್ಬ ಪತ್ತೇದಾರನಿದ್ದ. ಕಾದಂಬರಿಕಾರರು ಅವನಿಗೆ ವಿಷದ ಹಾಲು ಕುಡಿಸಿ ಕೊಂದೇಬಿಟ್ಟರು. ಎರಡು ದಿನ ನನಗೆ ಊಟ ಸೇರಲಿಲ್ಲ. ಮೂರನೆಯ ದಿನ, ಅವನು ಹಾಲನ್ನು ಗುಟ್ಟಾಗಿ ಬೂಟಿನೊಳಗೆ ಸುರಿದುಕೊಂಡನೆಂದು ಬರೆದು ಬದುಕಿಸಿಬಿಟ್ಟೆ. ನಮ್ಮ ಕನ್ನಡ ಸಂಘದ ಸೈಕ್ಲೋಸ್ಟೈಲ್ ಪತ್ರಿಕೆಯವರು ಅದನ್ನು ಹಾಕುತ್ತೇವೆ ಅಂದರು.

೧. ಪರವಾನಗಿ

ಹೊರಗೆ ಬರೆಯಲು ಆಫೀಸಿನ ಪರವಾನಗಿ ಬೇಕಿತ್ತು. ವಿಜಾಪುರ ಕಡೆಯ ಹೆಡ್‌ಕ್ಲಾರ್ಕ್ ನನ್ನ ಅರ್ಜಿ ಓದಿದರು.

"ಪತ್ತೇದಾರ ನಿಂದೇನು?"

"ಅಲ್ರಿ ಸಾಹೇಬ್ರ, ಬ್ಯಾರೆಯವ್ರದು."

"ಮತ್ತ ನಿಂದೇನೈತಿ?"

"ಬೂಟು ಒಂದಽ ರೀ."

ಫೈಲಿನಲ್ಲಿ ಬರೆದರು: 'ಬರಹ ಅರ್ಜಿದಾರನದಲ್ಲ. ಆದ್ದರಿಂದ ಪರವಾನಗಿಯ ಅಗತ್ಯವಿಲ್ಲ.'

೨. ನೋಟೀಸು

ನನ್ನ ಕಥೆ ಅಚ್ಚಾದ ಸಂಘದ ಪತ್ರಿಕೆ ಹೇಗೋ ಕಾದಂಬರಿಕಾರರ ಕೈ ಸೇರಿತು. ಲಿಖಿತ ಕ್ಷಮೆ ಕೇಳು, ಇಲ್ಲವೇ ಕೋರ್ಟಿಗೆ ಬಾ ಎಂದು ನೋಟೀಸು ಬಂತು. ಕೋರ್ಟೆಂದರೆ ನೌಕರಿ ಹೋದಂತೆಯೇ. ವಿಲೆ ಪಾರ್ಲೆಯಲ್ಲಿದ್ದ ಧಾರವಾಡದ ವಕೀಲರ ಮನೆಗೆ ಓಡಿದೆ. ಕಥೆ ಇಟ್ಟು ಹೋಗು ಅಂದರು. ಎಂಟು ದಿನ ಸುದ್ದಿಯಿಲ್ಲ. ಕಡೆಗೆ ನಾನೇ ಹೋದೆ.

"ನನ್ನ ಕೇಸ್ ಏನಾತ್ರಿ?"

"ಕೇಸ್ ಇರ್ಲಿ ತಮ್ಮಾ, ಮುಂದಿನ ಭಾಗ ತಂದೀಯೇನು?"

ನನ್ನಿಂದ ಎರಡನೆಯ ಅಪರಾಧ ಮಾಡಿಸಿಕೊಂಡ ಮೇಲೆಯೇ ಮಹಾನುಭಾವರು ಮೊದಲನೆಯದಕ್ಕೆ ಕ್ಷಮಾಪಣೆ ಪತ್ರ ಬರೆದುಕೊಟ್ಟರು.

೩. ಬೂಟು ಯಾರದು?

ಆ ವರ್ಷ ಸಂಘದ ವಾರ್ಷಿಕೋತ್ಸವಕ್ಕೆ ಕಾದಂಬರಿಕಾರರೇ ಮುಖ್ಯ ಅತಿಥಿ. ಕ್ಷಮಾಪಣೆ ಪತ್ರ ಹಿಡಿದು ಎದುರು ನಿಂತೆ. ಅವರು ಅದನ್ನು ಮುಟ್ಟಲೂ ಇಲ್ಲ. "ಇರ್ಲಿ ಬಿಡಿ, ನೀವೇ ಇಟ್ಕೊಳ್ಳಿ. ಆ ಬೂಟು ಚೆನ್ನಾಗಿತ್ತು" ಎಂದು ಬೆನ್ನು ತಟ್ಟಿದರು. ಎಂಥ ದೊಡ್ಡ ಮನುಷ್ಯರೆಂದು ನನ್ನ ಕಣ್ಣು ತುಂಬಿ ಬಂತು.

ಎಷ್ಟು ದೊಡ್ಡವರೆಂಬುದು ಎರಡು ತಿಂಗಳಿಗೆ ತಿಳಿಯಿತು. ವಾರಪತ್ರಿಕೆಯಲ್ಲಿ ಪತ್ತೇದಾರ ಎದ್ದು ಕೂತಿದ್ದ. ಹಾಲು ಬೂಟಿನೊಳಗಿತ್ತು!

ಹೆಡ್‌ಕ್ಲಾರ್ಕ್ ಸಂಚಿಕೆಯನ್ನು ಮೇಜಿನ ಮೇಲೆ ಕುಕ್ಕಿದರು. "ಬೂಟು ನಿಂದು ಅಂದಿದ್ದಿ. ಅದೂ ಅವ್ರದಽ ಐತಿ!"

"ನಾನಽ ಮೊದಲ ಬರದದ್ದರಿ."

"ಅಷ್ಟು ದೊಡ್ಡವ್ರು ನಿನ್ನ ಬೂಟಿಗೆ ಕೈ ಹಾಕ್ತಾರೇನೋ? ಅವ್ರ ಹೆಸರಿಗೆ ಮಾಫಿ ಬರದುಕೊಡು. ಇಲ್ಲಾಂದ್ರ ನೌಕರಿ ಕಾಯಂ ಆಗೂದಿಲ್ಲ."

ಬ್ಯಾಗಿನಲ್ಲೇ ಉಳಿದಿದ್ದ ಅದೇ ಪತ್ರ ತೆಗೆದುಕೊಟ್ಟೆ. ಓದುತ್ತ ಓದುತ್ತ ಅವರ ಮುಖ ಅರಳಿತು. ಅದನ್ನು ಫೈಲಿಗೆ ಸೇರಿಸಿ, ನನ್ನನ್ನು ಕಾಯಂ ಮಾಡಬಹುದೆಂದು ಬರೆದು ಸಹಿ ಹಾಕಿದರು.

"ಭಾಳ ಛಲೋ ಬರದೀಯಲ್ಲೋ! ಇದನ್ನರ ನೀನಽ ಬರದಿ ಹೌದಿಲ್ಲೋ?"

"ಇಲ್ರಿ ಸಾಹೇಬ್ರ, ವಕೀಲರು ಬರದದ್ದು."