ಎಡೆಗಿಟ್ಟ ಎರಡು ಜರ್ಮನ್ ಬಿಯರು

ಬಿಯರು ಕಾಯಿಸೋನಿಗೆ ನಗುವಿಗೆ ಬರ ಇಲ್ಲ, ಅದು ತಾನಾಗೇ ಬಂದು ಟೇಬಲ್ಲಿಗೆ ಕೂರುತ್ತೆ. ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು, ಲಾರಿ ಹತ್ತಿ, ಗೋವಾ ಪುಣೆ ಅಂತ ಅಲೆದು ಈ ವಿದ್ಯೆ ಕಲಿತೆ. ಈಗ ಮದ್ದೂರಿನ ಹತ್ತಿರ ಹೈವೇ ಹೋಟೆಲೊಂದರಲ್ಲಿ ಜರ್ಮನ್ ಬಿಯರು ಕಾಯಿಸ್ತೀನಿ. ಊರಲ್ಲಿ ದೊಡ್ಡಪ್ಪ ಮಾತ್ರ ಒಪ್ಪೋರಲ್ಲ. "ಎಲ್ಲಾ ಬಿಯರೂ ಒಂದೇ ಕಣ್ಲಾ. ನೀ ಕಲ್ತಿರದು ಲೋಟ ತುಂಬಾದು" ಅಂತ ಅರಳಿಕಟ್ಟೆ ಮೇಲೆ ಹತ್ತು ಜನದ ಮುಂದೆ ಅನ್ನೋರು. ಅವರ ಬಾಯಲ್ಲೇ 'ಒಂದೇ ಅಲ್ಲ' ಅನ್ನಿಸಬೇಕು ಅನ್ನೋದು ನನ್ನ ಹಟ.

ಬೆಲ್ಲದ ಕಣ್ಣು

ಕಿರುಗಾವಲು ಕಡೆಯ ಆಲೆಮನೆ ಯಜಮಾನರೊಬ್ಬರು ಭಾಮೈದನ ಜೊತೆ ಬಂದರು. ಕಪ್ಪಗಿನ ಡುಂಕೆಲ್, ಹೊಂಬಣ್ಣದ ಬಾಕ್ ಎರಡೂ ಇಟ್ಟೆ. ಬಣ್ಣ ನೋಡಬೇಡಿ, ಅಮಲಿಗೆ ಬಾಕೇ ಜೋರು ಅಂದೆ. ಅವರು ಬೆಲ್ಲದ ಅಚ್ಚು ನೋಡೋ ಹಾಗೆ ಬೆಳಕಿಗೆ ಹಿಡಿದು, ಹೊಳೆಯೋ ಬೆಲ್ಲದ ಹಾಗೆ ಇದಕ್ಕೂ ಬಣ್ಣ ಬರಿಸೋ ಪೌಡರ್ ಬಿದ್ದಿದೆ, ಕಪ್ಪಗಿರೋದೇ ಗಟ್ಟಿ ಮಾಲು ಅಂತ ತೀರ್ಪು ಕೊಟ್ಟರು. ಡುಂಕೆಲ್ ತಾವಿಟ್ಟುಕೊಂಡು ಬಾಕನ್ನ ಭಾಮೈದನ ಕಡೆ ತಳ್ಳಿದರು. ಆಮೇಲೆ ಯಜಮಾನರು ನೆಟ್ಟಗೆ ನಡೆದು ಹೋಗಿ ಕೈ ತೊಳೆದರು. ಭಾಮೈದ ಆಚೆ ನಿಂತಿದ್ದ ಕಬ್ಬಿನ ಗಾಡಿ ಎತ್ತಿನ ಕಿವಿಯಲ್ಲಿ ಭಾವನ ಮೇಲೆ ಚಾಡಿ ಹೇಳ್ತಿದ್ದ.

ನಿಂತ ನೊರೆ

ಪಿಲ್ಸ್ನರ್ ಅಂದರೆ ಕಹಿ ಇರಬೇಕು, ಮೇಲೆ ನೊರೆ ಕಿರೀಟದ ಹಾಗೆ ನಿಲ್ಲಬೇಕು. ನನ್ನದು ನಿಲ್ಲುತ್ತೆ, ಅದು ನನ್ನ ಹೆಮ್ಮೆ. ಒಂದು ಸಲ ಹಾಲಿನ ಡೈರಿ ಕಾರ್ಯದರ್ಶಿಯೊಬ್ಬರು ಲೋಟ ಮುಟ್ಟದೆ ಕೂತರು. ನೊರೆ ಇಳಿಯದೆ ಅಳತೆ ಒಪ್ಪೋದು ಅವರ ಪದ್ಧತಿಯಲ್ಲಿ ಇಲ್ಲವಂತೆ. ನೊರೆ ಇಳಿಯಲಿಲ್ಲ. ನಾನು ಪಕ್ಕದಲ್ಲೇ ಎದೆಯುಬ್ಬಿಸಿ ನಿಂತಿದ್ದೆ. ಕೊನೆಗೆ ಲೋಟ ವಾಪಸ್ ತಳ್ಳಿ ಮೆಲ್ಲಗೆ ಅಂದರು: "ಇಷ್ಟೊತ್ತು ನೊರೆ ನಿಂತದೆ ಅಂದ್ರೆ ಸೋಪಿನ ಪುಡಿ ಹಾಕಿದ್ದೀಯ ಬುಡು."

ಅಪ್ಪನ ಆಯ್ಕೆ

ಪಿತೃಪಕ್ಷಕ್ಕೆ ನಮ್ಮಲ್ಲಿ ಸತ್ತೋರಿಗೆ ಇಷ್ಟವಾದದ್ದನ್ನೆಲ್ಲ ಎಡೆಗಿಟ್ಟು, ಅವರು ಬಂದು ಉಣ್ಣಲಿ ಅಂತ ಬಾಗಿಲು ಮುಚ್ಚಿ ಜಗಲಿಯಲ್ಲಿ ಕೂರ್ತೀವಿ. ತೀರಿಕೊಂಡ ಅಪ್ಪನಿಗೆ ಬಿಯರು ಅಂದರೆ ಪ್ರಾಣ. ಈ ಸಲ ಮುದ್ದೆ, ಬಾಡಿನ ಸಾರಿನ ಪಕ್ಕ ನನ್ನ ಕೈಯಾರೆ ಕಾಯಿಸಿದ ಎರಡು ಲೋಟ ಇಟ್ಟೆ. ಒಂದು ತಿಳಿ ಬಣ್ಣದ ಹೆಲ್ಲೆಸ್, ಇನ್ನೊಂದು ಡುಂಕೆಲ್. ಎರಡ್ಯಾಕ್ಲಾ, ಎಲ್ಲಾ ಒಂದೇ ಅಂತ ದೊಡ್ಡಪ್ಪ ಗೊಣಗಿಕೊಂಡೇ ಬಾಗಿಲು ಮುಚ್ಚಿದರು. ಸ್ವಲ್ಪ ಹೊತ್ತಿಗೆ, ಊದುಬತ್ತಿ ಹಚ್ಚೋದು ಮರೆತೆ ಅಂತ ಒಬ್ಬರೇ ಒಳಗೆ ಹೋದರು. ಊದುಬತ್ತಿ ಹಚ್ಚೋಕೆ ಅಷ್ಟೊತ್ತು ಬೇಕಿರಲಿಲ್ಲ.

ಬಾಗಿಲು ತೆಗೆದಾಗ ಮುದ್ದೆ ಮುದ್ದೆಯಾಗೇ ಇತ್ತು. ಹೆಲ್ಲೆಸ್ ಒಂದು ಗುಟುಕು ಇಳಿದಿತ್ತು. ಡುಂಕೆಲ್ ಲೋಟದ ತಳ ಕಾಣಿಸ್ತಿತ್ತು. ಊದುಬತ್ತಿ ಹಚ್ಚೇ ಇರಲಿಲ್ಲ. ಎಲ್ಲರೂ ದೊಡ್ಡಪ್ಪನ ಕಡೆ ತಿರುಗಿದೆವು. ಅವರ ಮೀಸೆ ಮೇಲೆ ನನ್ನ ನೊರೆ ಇನ್ನೂ ನಿಂತಿತ್ತು.

"ಎರಡೂ ಒಂದೇ ಅಲ್ವಂತೆ ಕಣ್ಲಾ" ಅಂದರು. "ತಿಳೀದು ಸಪ್ಪೆಯಂತೆ. ಕರೀದ್ರಲ್ಲಿ ರಾಗಿರೊಟ್ಟಿ ಕೆಂಪಗೆ ಬೆಂದ ಗಮಲು ಅದಂತೆ. ನಿಮ್ಮಪ್ಪ ಇನ್ನೊಂದು ಲೋಟ ಕೇಳ್ತಾವ್ನೆ, ತಕ್ಕಂಬಾ."