ತಡವಾಗಿ ಜಿಗಿಯುವ ಹೀರೋ ಮತ್ತು ನಮ್ಮ ಮಾಮಾ

ನಮ್ಮ ಮಾಮಾನ ಜೊತೆ ಅರ್ಧ ಗಂಟೆ ಕೂತು ಎದ್ದವರಿಗೆ ತಮ್ಮ ಮನೆಯ ಯಾವ ವಸ್ತುವಿನ ಮೇಲೂ ಮೊದಲಿನ ನಂಬಿಕೆ ಉಳಿಯುವುದಿಲ್ಲ. ಸ್ವಿಚ್ಚು ಒತ್ತಿದ ಮೇಲೆ ದೀಪ ಹತ್ತಲು ಎಷ್ಟು ಹೊತ್ತು ಹಿಡಿಯಿತು, ನಲ್ಲಿ ತಿರುವಿದ ಮೇಲೆ ನೀರು ಯಾವಾಗ ಬಂತು, ಹೆಂಡತಿಯನ್ನು ಕೂಗಿದ ಮೇಲೆ ಅವಳು ‘ಹಾಂ’ ಎಂದದ್ದು ಎಷ್ಟು ಹೊತ್ತಿಗೆ, ಇದನ್ನೆಲ್ಲ ಅಳೆಯುವ ಕೆಟ್ಟ ಚಟ ಅಂಟಿಕೊಳ್ಳುತ್ತದೆ. ನನಗೆ ಅಂಟಿದೆ. ಅದಕ್ಕೇ ಮೊದಲೇ ಎಚ್ಚರಿಸುತ್ತಿದ್ದೇನೆ.

ಮಾಮಾ ಎಂದರೆ ನನ್ನ ಅಕ್ಕನ ಗಂಡ. ಬೀದರ್‌ನಿಂದ ಔರಾದ್ ಮೇಲೆ ಡಾಬಕಾಕ್ಕೆ ಹೋಗುವ ಬಸ್ಸಿನ ಡ್ರೈವರ್. ನಾನು ಔರಾದಿನಲ್ಲಿ ಸಾಲಿ ಮಾಸ್ತರ. ಬೀದರಿನಲ್ಲಿ ಅವರ ಮನೆಯಿಂದ ಎರಡು ಓಣಿ ಆಚೆಗಿರುವ ನಾನು ದಿನವೂ ಅವರ ಬಸ್ಸಿನಲ್ಲೇ ಶಾಲೆಗೆ ಹೋಗುತ್ತೇನೆ. ಇಪ್ಪತ್ತೆಂಟು ವರ್ಷಗಳ ಸರ್ವಿಸಿನಲ್ಲಿ ಒಂದು ಕೋಳಿಗೂ ಗಾಲಿ ತಾಗಿಸದ ಮನುಷ್ಯ. ಇಂಥವರಿಗೆ ಐವತ್ತೈದನೆಯ ವಯಸ್ಸಿನಲ್ಲಿ ವಿಡಿಯೋ ಗೇಮಿನ ಹುಚ್ಚು ಹಿಡಿಯುತ್ತದೆಂದು ಯಾರು ತಾನೇ ಊಹಿಸಿದ್ದರು?

ಆ ಗೇಮಿನ ಮಷಿನ್ನು ಮಾಮಾನ ಮಗಳದು. ನರ್ಸಿಂಗ್ ಓದುವಾಗ ಗೆಳತಿಯರ ಜೊತೆ ಸೇರಿ ಹಳೆಯದೊಂದನ್ನು ಕೊಂಡಿದ್ದಳು. ಆಮೇಲೆ ಭಾಲ್ಕಿಯ ದವಾಖಾನೆಯಲ್ಲಿ ನೌಕರಿ ಸಿಕ್ಕಿ, ಅಲ್ಲಿಯೇ ಮದುವೆಯೂ ಆಯಿತು. ಹುಡುಗಿ ಹೋದಳು, ಮಷಿನ್ನು ಟೀವಿಯ ಕೆಳಗೆ ಉಳಿಯಿತು. ಅಕ್ಕ ಅದಕ್ಕೊಂದು ಕಸೂತಿ ಬಟ್ಟೆ ಹೊದಿಸಿ, ಮೇಲೆ ಪ್ಲಾಸ್ಟಿಕ್ ಹೂವಿಟ್ಟು ಗೌರವದಿಂದ ಕಾಪಾಡಿದಳು. ಒಮ್ಮೆ ವಾರದ ರಜೆಯ ದಿನ, ಮಾಡಲು ಕೆಲಸವಿಲ್ಲದೆ, ಮಾಮಾ ಹೂವನ್ನು ಸರಿಸಿದರು. ಅಷ್ಟೇ. ಆ ಹೂವು ಎಲ್ಲಿ ಹೋಯಿತೋ ಇವತ್ತಿಗೂ ಸಿಕ್ಕಿಲ್ಲ.

ಅವರು ಆಡುವುದು ಒಂದೇ ಜಾತಿಯ ಆಟ. ಹೀರೋ ನಮಗೆ ಬೆನ್ನು ತೋರಿಸಿ ನಿಂತಿರುತ್ತಾನೆ. ಅವನ ಹಿಂದೆ ನಿಂತವರ ಹಾಗೆ ನೋಡುತ್ತ, ಕೈಯಲ್ಲಿನ ಕಂಟ್ರೋಲರಿನ ಗುಂಡಿ ಒತ್ತಿ ಅವನನ್ನು ಓಡಿಸಬೇಕು, ಜಿಗಿಸಬೇಕು, ಉರುಳಿಸಬೇಕು, ಕತ್ತಿ ಬೀಸಿಸಬೇಕು. ಬಸ್ ಡ್ರೈವರಿಗೆ ಇದೇಕೆ ಎಂದು ನಾನು ಒಮ್ಮೆ ಕೇಳಿಯೂಬಿಟ್ಟೆ.

“ಕಾರ್ ಓಡ್ಸೋ ಆಟ ಬರ್ತಾವಲ್ರಿ ಮಾಮಾ, ಅವು ಆಡ್ರಿ.”

“ದಿನಾ ಅದೇ ಓಡಿಸಿ ಬರ್ತೇನಿ. ಮನಿಗಿ ಬಂದೂ ಅದೇ ಓಡಸ್ಲೇನು? ನೀ ಸಾಲಿ ಬಿಟ್ಟ ಮ್ಯಾಲ ಮನ್ಯಾಗ ಮಗ್ಗಿ ಹೇಳ್ಕೋತ ಕುಂಡರ್ತೀ ಏನು?”

ನಿಜ ಹೇಳಬೇಕೆಂದರೆ ನಾನು ಮನೆಯಲ್ಲಿ ಮಾಡುವುದು ಹೆಚ್ಚುಕಡಿಮೆ ಅದನ್ನೇ.

ಆಡಿ ಸುಮ್ಮನಿದ್ದರೆ ಯಾರಿಗೂ ತಕರಾರಿರಲಿಲ್ಲ. ಆದರೆ ಮಾಮಾನಿಗೆ ಆಟದಲ್ಲಿ ಗೆಲ್ಲುವುದು ಬೇಕಿಲ್ಲ, ಕಥೆ ಬೇಕಿಲ್ಲ, ರಾಕ್ಷಸ ಸತ್ತನೋ ಉಳಿದನೋ ಅದೂ ಬೇಕಿಲ್ಲ. ಹೀರೋ ಹೇಳಿದ ಮಾತು ಕೇಳುತ್ತಾನೋ ಇಲ್ಲವೋ, ಅದೊಂದೇ ಬೇಕು. ಮೊದಲ ಆಟದ ಹುಡುಗ ಬೆರಳು ತಾಗಿದೊಡನೆ ತಿರುಗುತ್ತಿದ್ದ. “ಇವಂದು ಪವರ್ ಸ್ಟೇರಿಂಗ್” ಎಂದು ಸಂತೋಷಪಟ್ಟರು. ಎರಡನೆಯವನು ಗುಂಡಿ ಬಿಟ್ಟ ಮೇಲೂ ನಾಲ್ಕು ಹೆಜ್ಜೆ ಜಾರುತ್ತಿದ್ದ. “ಇವನ ಬ್ರೇಕ್ ಹೋಗ್ಯಾವ, ಡಿಪೋಕ್ಕ ಕಳಸ್ರಿ” ಎಂದು ಆ ಆಟವನ್ನೇ ಬಿಟ್ಟರು. ಮೂರನೆಯದರಲ್ಲಿ ಗೋಡೆಯ ಹತ್ತಿರ ಹೋದಾಗಲೆಲ್ಲ ಹೀರೋ ಕಾಣದೆ ಬರೀ ಗೋಡೆ ಕಾಣುತ್ತಿತ್ತು. “ಮಂದಿ ಬಾಗಲ್ದಾಗ ನಿಂತು ಕನ್ನಡಿ ಮುಚ್ಚಿದಂಗ ಆತು” ಎಂದು ಟೀವಿಗೆ ಬೈದರು.

ನಾಲ್ಕನೆಯವನು ಆಳೆತ್ತರದ ಕತ್ತಿ ಹೊತ್ತ ದೈತ್ಯ. ಕತ್ತಿ ಎತ್ತಿದನೆಂದರೆ ಇಳಿಸುವ ತನಕ ಅವನನ್ನು ಯಾರೂ ತಡೆಯಲಾರರು. ಇವನಿಗೂ ಬೈಗುಳ ಖಾತ್ರಿ ಎಂದು ನಾನು ಕಾದು ಕೂತೆ. ಮಾಮಾ ಬೈಯಲಿಲ್ಲ.

“ಇವ ತಡ ಅಲ್ಲ, ಭಾರ. ಭಾರ ಬ್ಯಾರೆ, ತಡ ಬ್ಯಾರೆ” ಎಂದರು. “ಎಂಬತ್ತು ಮಂದಿ ತುಂಬಿದ ಬಸ್ ಸಾವಕಾಶ ತಿರುಗ್ತದ. ಖರೇ. ಆದ್ರ ಸ್ಟೇರಿಂಗ್ ತಿರುವಿದ ಕೂಡ್ಲೇ ತಿರುಗ್ಲಕ್ಕ ಶುರು ಮಾಡ್ತದ. ಅದು ಭಾರ. ತಿರುವಿದ ಮ್ಯಾಲ ಜರಾ ವಿಚಾರ ಮಾಡಿ ತಿರುಗಿದ್ರ ಅದು ತಡ. ಭಾರಕ್ಕ ಡ್ರೈವರ್ ತಯಾರಿರ್ತಾನ ಮಾಸ್ತರ. ತಡಕ್ಕ ಯಾರೂ ತಯಾರಿರಂಗಿಲ್ಲ.”

ಇದನ್ನು ಅವರು ನನಗೆ ಒಮ್ಮೆ ಹೇಳಿದ್ದರೆ ಮೆಚ್ಚಿಕೊಳ್ಳುತ್ತಿದ್ದೆ. ಕನಿಷ್ಠ ನಲವತ್ತು ಸಲ ಹೇಳಿದ್ದಾರೆ. ಚಹಾ ತರಲು ಹೊರಟ ಅಕ್ಕನಿಗೆ ಹೇಳಿದ್ದಾರೆ, ಗ್ಯಾಸ್ ಸಿಲಿಂಡರ್ ಹೊತ್ತು ಮೆಟ್ಟಿಲು ಹತ್ತುತ್ತಿದ್ದವನಿಗೂ ಹೇಳಿದ್ದಾರೆ. ಅವನು “ನಂದು ಭಾರ ಅದರಿ, ದಾರಿ ಬಿಡ್ರಿ” ಎಂದ.

ಆಡುವಾಗ ಮಾಮಾ ಹೀರೋನ ಜೊತೆ ತಾವೂ ವಾಲುತ್ತಾರೆ. ಅವನು ಎಡಕ್ಕೆ ತಿರುಗಿದರೆ ಇವರೂ ಎಡಕ್ಕೆ. ಆ ಕಡೆ ಚಹಾದ ಕಪ್ಪಿಡಬಾರದು, ಮಾಸ್ತರ ಕೂರಬಾರದು. ಅಕ್ಕ ಬಂದವರಿಗೆಲ್ಲ ಹೇಳುತ್ತಿದ್ದಳು: “ಮಗಳ್ನ ಮದಿವಿ ಮಾಡಿ ಕಳಿಸಿ ನಿವಾಂತ ಇರಬೇಕಂದ್ರ, ಈ ಕತ್ತಿ ಹಿಡದವನ್ನ ತಂದು ಮನ್ಯಾಗ ಇಟ್ಕೊಂಡಾರ.”

ಹೀಗೇ ಒಂದೂವರೆ ವರ್ಷ ನಡೆಯಿತು. ಆಮೇಲೆ, ದಸರಾ ರಜೆ ಮುಗಿದು ಶಾಲೆ ಶುರುವಾದ ವಾರ, ಮಾಮಾ ಹೊಸ ದೂರು ತಂದರು. ಅವರ ಮೆಚ್ಚಿನ ಹುಡುಗ, ಪವರ್ ಸ್ಟೇರಿಂಗಿನವನು, ಮಾತು ಕೇಳುತ್ತಿಲ್ಲ.

“ಮಾಳಿಗಿ ತುದಿಗಿ ಬಂದು ಜಿಗಿ ಅಂತೇನಿ. ಜಿಗಿಯಂಗಿಲ್ಲ. ಕೆಳಗ ಬೀಳ್ತಾನ. ಬೀಳೂ ಮುಂದ ಜಿಗಿದಂಗ ಮಾಡ್ತಾನ.”

“ಮಷಿನ್ ಹಳೇದಾಗ್ಯದರಿ ಮಾಮಾ.”

“ಹಾಂ” ಎಂದು ಅವರು ನನ್ನ ಮುಖ ನೋಡಿದರು. “ಮಷಿನ್‌ದೇ ಇರಬೇಕು, ಅಲ್ಲ?”

ನನಗೇನು ಗೊತ್ತು? ಇರಬಹುದು ಎಂದೆ. ಆ ಒಂದು ಮಾತಿಗೆ ನಾನು ತೆತ್ತದ್ದು ಒಂದು ತಿಂಗಳ ನೆಮ್ಮದಿ.

ಮೊದಲು ಕಂಟ್ರೋಲರ್. ಅದನ್ನು ಹಿಡಿದು ಚೌಬಾರಾ ಗೋಪುರದ ಹತ್ತಿರದ ಮೊಬೈಲ್ ರಿಪೇರಿ ಅಂಗಡಿಗೆ ಹೋದೆವು. ಅಂಗಡಿಯವನು ಬಿಚ್ಚಿ, ಊದಿ, ಒರೆಸಿ, ಮತ್ತೆ ಕೂಡಿಸಿ, “ಚಾಚಾ, ಬಿಲ್ಕುಲ್ ಠೀಕ್ ಹೈ” ಎಂದ. ಮಾಮಾ ನಂಬಲಿಲ್ಲ. ಎರಡನೆಯ ಅಂಗಡಿ, ಮೂರನೆಯ ಅಂಗಡಿ. ಎಲ್ಲರೂ ಊದಿದರು, ಎಲ್ಲರೂ ಠೀಕ್ ಎಂದರು.

ಹಾಗಾದರೆ ಟೀವಿ. ಮುಂದಿನ ರಜೆಯ ದಿನ ಮಾಮಾ ಮಷಿನ್ನನ್ನೇ ಚೀಲದಲ್ಲಿ ಹಾಕಿಕೊಂಡು ನನ್ನನ್ನೂ ಎಳೆದುಕೊಂಡು ಟೀವಿ ಅಂಗಡಿಗೆ ನಡೆದರು. ಸಾಲಾಗಿ ಇಟ್ಟ ಏಳು ಟೀವಿಗಳಿಗೂ ಒಂದೊಂದಾಗಿ ಜೋಡಿಸಿ ಏಳರಲ್ಲೂ ಆ ಹುಡುಗನನ್ನು ಮಾಳಿಗೆಯಿಂದ ಜಿಗಿಸಿದರು. ನನ್ನ ಕೆಲಸ, ಅವರು ಗುಂಡಿ ಒತ್ತುವಾಗ ಬೆರಳು ನೋಡಿ ‘ಈಗ’ ಎಂದು ಕೂಗುವುದು. ಐವತ್ತು ದಾಟಿದ ಇಬ್ಬರು, ಒಬ್ಬ ವಾಲುತ್ತಿದ್ದಾನೆ, ಒಬ್ಬ ‘ಈಗ, ಈಗ’ ಎಂದು ಕೂಗುತ್ತಿದ್ದಾನೆ. ಫ್ರಿಜ್ ನೋಡಲು ಬಂದಿದ್ದ ನನ್ನ ಹಳೆಯ ವಿದ್ಯಾರ್ಥಿನಿ ನಮಸ್ಕಾರ ಮಾಡಿ, ಬೇಗ ಬೇಗ ಹೊರಗೆ ಹೋದಳು. ಕೊನೆಗೆ ಅಂಗಡಿಯವರು ಮನೆಯ ಟೀವಿಯಲ್ಲೇ ಗೇಮ್ ಮೋಡ್ ಎಂಬುದೊಂದು ಇರುತ್ತದೆ, ಅದನ್ನು ಹಾಕಿಕೊಳ್ಳಿ, ಟೀವಿಯ ತಡ ಕಡಿಮೆಯಾಗುತ್ತದೆ ಎಂದು ಕೈಮುಗಿದು ಕಳಿಸಿದರು. ಹಾಕಿದರು. ಮೂರು ದಿನ ಖುಷಿಯಾಗಿದ್ದರು. ನಾಲ್ಕನೆಯ ದಿನ ಹುಡುಗ ಮತ್ತೆ ಮಾಳಿಗೆಯಿಂದ ಬಿದ್ದ.

ಇಷ್ಟರಲ್ಲಿ ತಡ ಎನ್ನುವುದು ಮಾಮಾನಿಗೆ ಎಲ್ಲೆಲ್ಲೂ ಕಾಣತೊಡಗಿತು. ಭಾನುವಾರ ಚರ್ಚಿನಲ್ಲಿ ಹಾಡಿನ ಮಧ್ಯೆ ಎದ್ದು ಹೋಗಿ, ಕೀಬೋರ್ಡ್ ನುಡಿಸುವವರ ಭುಜ ತಟ್ಟಿ, “ನೀವು ಒತ್ತಿದ ಮ್ಯಾಲ ಜರಾ ತಡ ಆಗಿ ಕೇಳಸ್ತದರಿ, ವಾಯರ್ ನೋಡ್ರಿ” ಎಂದರು. ಹಾಡು ನಿಂತಿತು. ಅಕ್ಕ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಮುಂದಿನ ಪ್ರಾರ್ಥನೆಯಲ್ಲಿ ಪಾಸ್ಟರು, “ಕರ್ತನೇ, ನಿನ್ನ ಉತ್ತರಕ್ಕಾಗಿ ತಾಳ್ಮೆಯಿಂದ ಕಾಯುವ ಮನಸ್ಸನ್ನು ನಮ್ಮಲ್ಲಿ ಕೆಲವರಿಗೆ ವಿಶೇಷವಾಗಿ ದಯಪಾಲಿಸು” ಎಂದರು. ಕಣ್ಣು ಮುಚ್ಚಿಯೇ ಎಲ್ಲರೂ ನಮ್ಮ ಸಾಲಿನ ಕಡೆ ತಿರುಗಿದರು.

ನನ್ನ ತಲೆ ಕೆಡಿಸಿದ್ದು ಮಾತ್ರ ಬೇರೆಯದು. ಜಗತ್ತಿಗೆಲ್ಲ ತಡ, ತಡ ಎಂದು ಬೈಯುವ ಈ ಮನುಷ್ಯನ ಬಸ್ಸೇ ಆ ತಿಂಗಳು ದಿನಾ ತಡ! ನಲವತ್ತರ ಮೇಲೆ ಸ್ಪೀಡಿನ ಮುಳ್ಳು ಏರುತ್ತಿರಲಿಲ್ಲ. ಸೋಯಾ ಮೂಟೆ ಹೊತ್ತ ಟ್ರಾಕ್ಟರುಗಳು ನಮ್ಮನ್ನು ದಾಟಿ ಹೋಗುತ್ತಿದ್ದವು. ನಾನು ಶಾಲೆಯೊಳಗೆ ಕಾಲಿಡುವಷ್ಟರಲ್ಲಿ ಪ್ರಾರ್ಥನೆ ಮುಗಿದು ಹೆಡ್‌ಮಾಸ್ತರು ಬಾಗಿಲಲ್ಲಿ ನಿಂತಿರುತ್ತಿದ್ದರು. ಒಂದು ದಿನ ಇಳಿಯುವಾಗ ಸಿಟ್ಟಿನಿಂದಲೇ ಹೇಳಿದೆ: “ಮಾಮಾ, ಟೀವ್ಯಾಗಿನವಗ ಬೈಯೂದು ಬಿಟ್ಟು ಜರಾ ಬಸ್ ಓಡಸ್ರಿ.” ಅವರು ನಕ್ಕರಷ್ಟೇ. ಆ ನಗು ನನ್ನನ್ನು ಇನ್ನೂ ಕೆರಳಿಸಿತು.

ಅದರ ಮುಂದಿನ ಭಾನುವಾರ ಭಾಲ್ಕಿಯಿಂದ ಮಗಳು ಬಂದಳು. ಊಟವಾದ ಮೇಲೆ ನಾನೇ ಅವಳಿಗೆ ಎಲ್ಲ ಹೇಳಿ, ನಿನ್ನ ಮಷಿನ್ನು ನೀನೇ ಪರೀಕ್ಷೆ ಮಾಡಿ ನಮ್ಮನ್ನು ಉಳಿಸು ಎಂದೆ. ಅವಳು ನಗುತ್ತ ಕೂತಳು. ಅದೇ ಟೀವಿ, ಅದೇ ಕಂಟ್ರೋಲರ್, ಅದೇ ಮಾಳಿಗೆ. ಹುಡುಗ ಓಡಿಬಂದು ತುದಿಯಲ್ಲಿ ಜಿಗಿದ. ಮತ್ತೆ ಜಿಗಿದ. ಹತ್ತು ಸಲ ಓಡಿಸಿದಳು, ಹತ್ತು ಸಲವೂ ಆಚೆಯ ಮಾಳಿಗೆಯ ಮೇಲೆ ಸರಿಯಾಗಿ ಕಾಲೂರಿದ.

“ಮಷಿನ್ ಬರಾಬರ್ ಅದ ಪಪ್ಪಾ. ನೀವ್ ಆಡ್ರಿ, ನೋಡ್ತೇನಿ.”

ಮಾಮಾ ಆಡಿದರು. ಹುಡುಗ ಬಿದ್ದ. ಮತ್ತೆ ಬಿದ್ದ. ಮಗಳು ಟೀವಿ ನೋಡುವುದು ಬಿಟ್ಟು ಅಪ್ಪನ ಹೆಬ್ಬೆರಳನ್ನು ನೋಡುತ್ತಿದ್ದಳು. ಅವಳ ನಗು ನಿಂತದ್ದನ್ನು ನಾನು ಕಂಡೆ.

“ಪಪ್ಪಾ, ನೀವ್ ಒತ್ತೂದೇ ಜರಾ ತಡ ಆಗ್ಲತ್ತದ” ಎಂದಳು ಮೆಲ್ಲಗೆ. “ಈ ವಾರ ಡಾಕ್ಟರ್‌ಗ ತೋರ್ಸೂಣು.”

ಮಾಮಾ ಕಂಟ್ರೋಲರನ್ನು ನೆಲದ ಮೇಲಿಟ್ಟರು. “ಅವ್ವನ ಮುಂದ ಹೇಳಬ್ಯಾಡ” ಎಂದು ಎದ್ದು ಹೊರಗೆ ಹೋದರು.

ಸೋಮವಾರ ಬೆಳಿಗ್ಗೆ ಬೀದರ್ ಬಸ್‌ಸ್ಟ್ಯಾಂಡಿನಲ್ಲಿ ನಮ್ಮ ಬಸ್ಸು ನಿಂತಿತ್ತು. ಮಂದಿ ಹತ್ತಿದ್ದರು. ಮಾಮಾ ಯೂನಿಫಾರ್ಮಿನಲ್ಲಿ, ಕೈಯಲ್ಲಿ ಊಟದ ಡಬ್ಬಿ ಹಿಡಿದು, ಡ್ರೈವರ್ ಬಾಗಿಲ ಹತ್ತಿರ ನಿಂತಿದ್ದರು. ಬಸ್ಸು ಹತ್ತಿರಲಿಲ್ಲ. ನನ್ನನ್ನು ಕಂಡು ಸಿಮೆಂಟ್ ಬೆಂಚಿನ ಕಡೆ ಕರೆದುಕೊಂಡು ಹೋದರು.

“ಮಾಸ್ತರ, ನಿನ್ನ ಅಕ್ಷರ ಚೊಲೋ ಅವ. ಒಂದು ಅರ್ಜಿ ಬರೀ. ನನಗ ಬಸ್ ಓಡ್ಸೂದು ಆಗಂಗಿಲ್ಲ, ಲೈಟ್ ಡ್ಯೂಟಿ ಕೊಡ್ರಿ ಅಂತ.”

“ಒಂದು ಆಟದ ಸಲುವಾಗಿ ಏನ್ರಿ ಮಾಮಾ…” ಎಂದೆ.

“ಆಟದ ಸಲುವಾಗಿ ಅಲ್ಲ.” ಅವರು ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತರು. “ದಸರಾ ಸೂಟಿಯಾಗ ಡಾಬಕಾದ ಹತ್ರ ಒಬ್ಬಕಿ ಮುದುಕಿ ಎಮ್ಮಿ ಹೊಡ್ಕೊಂಡು ರಸ್ತಾ ದಾಟ್ಲತ್ತಿದ್ಲು. ದೂರದಿಂದೇ ನೋಡೇನಿ, ಬ್ರೇಕ್ ಒತ್ತೇನಿ. ಬಸ್ ದಿನಾ ನಿಂದರೂ ಜಾಗಾದಾಗ ನಿಂದರಲಿಲ್ಲ. ಎರಡು ಮಾರು ಮುಂದ ಹೋಗಿ ನಿಂತದ. ಮುದುಕಿ ಬಸ್ಸಿನ ಮೂತಿಗಿ ಕೈ ಹಚ್ಚಿ ನಿಂತ್ಲು. ಬೈಲಿಲ್ಲ. ಸಾವಕಾಶ ಹೋಗೋ ಯಪ್ಪಾ ಅಂದ್ಲು.”

ಕಂಡಕ್ಟರ್ ಸೀಟಿ ಊದಿ ಕರೆದ. ಮಾಮಾ ಕೈ ಎತ್ತಿ ತಡೆದರು.

“ಡಿಪೋದಾಗ ಬ್ರೇಕ್ ನೋಡಿದ್ರು. ಬರಾಬರ್ ಅವ ಅಂದ್ರು. ಅವತ್ತಿನಿಂದ ನಲವತ್ತರ ಮ್ಯಾಲ ಒಯ್ದಿಲ್ಲ. ಮನ್ಯಾಗ ದಿನಾ ಆ ಹುಡುಗನ್ನ ಜಿಗಿಸಿ ಜಿಗಿಸಿ ನೋಡ್ದೆ. ಯಾರರ ಒಬ್ರು, ಇದು ಮಷಿನ್‌ದ ತಪ್ಪು ಅನ್ಲಿ ಅಂತ ಊರೆಲ್ಲ ತಿರುಗಿದೆ. ನಿನ್ನೂ ತಿರುಗಿಸಿದೆ.”

ನಾನು ಅರ್ಜಿ ಬರೆದೆ. ನನ್ನ ಅಕ್ಷರ ಅಷ್ಟೇನೂ ಚೆನ್ನಾಗಿ ಬರಲಿಲ್ಲ. ಅವರು ಸಹಿ ಹಾಕಿ ಆಫೀಸಿನ ಒಳಗೆ ಕೊಟ್ಟು ಬಂದರು. ಮುಂದೆ ಡಾಕ್ಟರು ನೋಡಿದರು. ನರಗಳ ಸಣ್ಣ ತೊಂದರೆ, ಮಾತ್ರೆಗೆ ಹತೋಟಿಗೆ ಬರುತ್ತದೆ, ಆದರೆ ಸ್ಟೇರಿಂಗ್ ಬೇಡ ಎಂದರು. ಈಗ ಮಾಮಾ ಬೀದರ್ ಬಸ್‌ಸ್ಟ್ಯಾಂಡಿನಲ್ಲಿ ಮೈಕು ಹಿಡಿದು ಬಸ್ಸುಗಳ ಹೆಸರು ಕೂಗುತ್ತಾರೆ.

ಅರ್ಜಿ ಕೊಟ್ಟ ಆ ದಿನ ಬದಲಿ ಡ್ರೈವರ್ ಬಂದು ಕೂತ. ಮಾಮಾ ಮನೆಗೆ ಹೊರಡುತ್ತಾರೆಂದುಕೊಂಡರೆ ಅವರು ನನ್ನ ಹಿಂದೆಯೇ ಬಸ್ಸು ಹತ್ತಿದರು.

“ಎಲ್ಲಿಗಿ ಮಾಮಾ?”

“ನಿಮ್ಮಕ್ಕ ಡಬ್ಬಿ ಕಟ್ಟಿ ಕೊಟ್ಟಾಳ. ಈಗೇ ಮನಿಗಿ ಹೋದ್ರ ಯಾಕ ಬಂದ್ರಿ ಅಂತ ಕೇಳ್ತಾಳ. ಸಂಜಿಕ ಹೋಗಿ ಹೇಳ್ತೇನಿ.”

ನನ್ನ ಪಕ್ಕ ಕೂತರು. ಊರು ದಾಟುವ ತನಕ, ಪ್ರತಿ ತಿರುವಿಗೂ ಅವರ ಬಲಗಾಲು ಬಸ್ಸಿನ ತಗಡನ್ನು ಒತ್ತುತ್ತಿತ್ತು. ಆಮೇಲೆ ನಿಧಾನವಾಗಿ ಕಾಲು ಸುಮ್ಮನಾಯಿತು. ನನ್ನ ಮೇಲೆ ಬಾಗಿ, ಕಿಟಕಿಯಾಚೆ ಇಣುಕಿದರು. ತೊಗರಿ ಹೊಲಗಳ ಹಿಂದೆ ಬೆಳಗಿನ ಬಿಸಿಲಿಗೆ ನೀರು ಹೊಳೆಯುತ್ತಿತ್ತು.

“ಮಾಸ್ತರ, ಇಲ್ಲಿ ಕೆರಿ ಅದ ಏನು?”

“ಮೊದಲಿಂದ್ಲೂ ಅದರಿ ಮಾಮಾ.”

“ನೀ ದಿನಾ ನೋಡ್ತಿದ್ದಿ?”

“ದಿನಾ ನೋಡ್ತಿದ್ದೆರಿ.”

ಇಪ್ಪತ್ತೆಂಟು ವರ್ಷ ಅವರು ರಸ್ತೆಯನ್ನು ಬಿಟ್ಟು ಆಚೀಚೆ ನೋಡಿರಲಿಲ್ಲ. ನಾನು ಎದ್ದು ನಿಂತು, ಕಿಟಕಿಯ ಪಕ್ಕದ ಜಾಗವನ್ನು ಅವರಿಗೆ ಬಿಟ್ಟುಕೊಟ್ಟೆ.