ತಟ್ಟಿ ನೋಡುವ ದೊಡ್ಡಪ್ಪ

ನಮ್ಮ ದೊಡ್ಡಪ್ಪನನ್ನು ಹೆಣ್ಣು ನೋಡಲು ಕರೆದುಕೊಂಡು ಹೋಗಬಾರದು. ಅವರು ಹೆಣ್ಣು ನೋಡುವುದಿಲ್ಲ, ಗೋಡೆ ನೋಡುತ್ತಾರೆ. ನನಗೆಂದು ಕಳಲೆ ಊರಿಗೆ ಹೋದಾಗ ಉಪ್ಪಿಟ್ಟು ಬರುವ ಮೊದಲೇ ಜೇಬಿನಿಂದ ಪುಟ್ಟ ಸುತ್ತಿಗೆ ತೆಗೆದು, ನಡುಮನೆಯ ಗೋಡೆ ತಟ್ಟಿ, "ಜೊಳ್ಳು" ಎಂದರು. ಸಂಬಂಧ ಅಲ್ಲಿಗೇ ಮುರಿಯಿತು. ಆ ದಿನದ ದಿನಚರಿಯಲ್ಲಿ ನಾನು ಬರೆದದ್ದು ಇಷ್ಟೇ: ಉಪ್ಪಿಟ್ಟು ಸಿಗಲಿಲ್ಲ.

ಕಾಳಿಲ್ಲದ ಭತ್ತಕ್ಕೆ ನಾವು ಜೊಳ್ಳು ಅನ್ನುತ್ತೇವೆ. ದೊಡ್ಡಪ್ಪ ತೆಂಗಿನಕಾಯಿ, ಬಸ್ಸಿನ ಬಾಗಿಲು, ಪಂಚಾಯಿತಿ ಮೆಂಬರು, ಎಲ್ಲಕ್ಕೂ ಅನ್ನುತ್ತಾರೆ. ಲೋಕದಲ್ಲಿ ಇರುವುದು ಎರಡೇ ಬಗೆ: ಗಟ್ಟಿ, ಜೊಳ್ಳು.

ಈ ಚಟ ಅಂಟಿಸಿದ್ದು ಒಂದು ಉಗಿ ರೋಲರ್, ಊರವರ ಬಾಯಲ್ಲಿ ರೋಡ್ ಇಂಜಿನ್. ನಂಜನಗೂಡು, ನರಸೀಪುರದ ರಸ್ತೆಗಳ ಜಲ್ಲಿಯ ಮೇಲೆ ದೊಡ್ಡಪ್ಪ ಅದನ್ನು ಓಡಿಸುತ್ತಿದ್ದರು. ವೇಗ ಎಷ್ಟು ಅಂತೀರಿ? ಇಳಿದು, ಟೀ ಕುಡಿದು, ನಡೆದೇ ಹೋಗಿ ಮತ್ತೆ ಹತ್ತಬಹುದಿತ್ತಂತೆ! ಒಲೆಗೆ ಕಲ್ಲಿದ್ದಲು ಹಾಕಲು ಗೆಳೆಯನೊಬ್ಬನಿದ್ದ. ಒಂದು ದಿನ ದೊಡ್ಡಪ್ಪ ನಾಲೆಗೆ ನೀರಿಗೆ ಹೋಗಿದ್ದಾಗ ಬಾಯ್ಲರಿನ ಸವೆದ ತಗಡು ಬಾಯಿಬಿಟ್ಟು, ಕುದಿಯುವ ನೀರೆಲ್ಲ ಅವನ ಮೇಲೆ ನುಗ್ಗಿತು. ಬಿಂದಿಗೆ ಹಿಡಿದು ಓಡಿಬಂದ ದೊಡ್ಡಪ್ಪನಿಗೆ ಅದನ್ನು ಅವನ ಮೈಮೇಲೆ ಎಲ್ಲಿ ಸುರಿಯಬೇಕೆಂದೇ ತಿಳಿಯಲಿಲ್ಲವಂತೆ. ಮೊದಲೇ ತಟ್ಟಿದ್ದರೆ ತಗಡಿನ ಸದ್ದೇ ಹೇಳುತ್ತಿತ್ತು. ಅಂದಿನಿಂದ ತಟ್ಟುತ್ತಲೇ ಇದ್ದಾರೆ.

ಇಂಜಿನ್ ರಿಪೇರಿಯಾಗಿ, ಇನ್ನಷ್ಟು ವರ್ಷ ದುಡಿದು ಹರಾಜಿಗೆ ಬಂತು. ದೊಡ್ಡಪ್ಪ ಕೊಂಡು ನಮ್ಮೂರು ಹೆಮ್ಮಿಗೆಯ ಕಣದಲ್ಲಿ ನಿಲ್ಲಿಸಿ, ಮೇಲೆ ಸೂರು ಹಾಕಿಸಿ, ವರ್ಷವರ್ಷವೂ ಬಣ್ಣ ಬಳಿದರು.

"ಆಳ್ ತಿಂದಿದ್ ಇಂಜಿನ್ನ ಯಾಕ್ ಸಾಕ್ತೀಯ?" ಎಂದು ದೊಡ್ಡಮ್ಮ ಕೇಳಿದರು.

"ಅವ್ನು ಕಡೇಗ್ ನಿಂತಿದ್ದು ಇದ್ರ್ ಮೇಲೇ ಕಣಮ್ಮಿ."

ಸಾಯುವ ಮುಂಚೆ ಒಮ್ಮೆ ಉಗಿ ಏರಿಸಿ ನರಸೀಪುರದವರೆಗೆ ಹೋಗಬೇಕು: ಅವರಿಗಿದ್ದ ಆಸೆ ಇದೊಂದೇ.

ಹೋದ ವರ್ಷ ಮೈಸೂರಿನ ಡಾಕ್ಟರು ಅವರ ಬೆನ್ನಿನ ಮೇಲೆ ಬೆರಳಿಟ್ಟು ತಟ್ಟಿದರು. "ಕೆಳಗ್ ತಟ್ಟಿ ಸಾ, ಜೊಳ್ಳು ಕೆಳಗೇ ಇರೋದು," ಎಂದರು ದೊಡ್ಡಪ್ಪ. ಡಾಕ್ಟರು ನಕ್ಕರು. ಎಕ್ಸ್‌ರೇ ನೋಡಿದ ಮೇಲೆ ನಗಲಿಲ್ಲ.

ಅದೇ ತಿಂಗಳು ರೆಸಾರ್ಟ್ ಮಾಲೀಕರೊಬ್ಬರು ಬಂದರು. ರೆಸಾರ್ಟಿನ ಪ್ರಾರಂಭೋತ್ಸವಕ್ಕೆ ಇಂಜಿನ್ ಹೊಗೆ ಬಿಡುತ್ತಾ ಬರಬೇಕಂತೆ, ಓಡಿಸುವವರು ದೊಡ್ಡಪ್ಪನೇ ಅಂತೆ. ದೊಡ್ಡಪ್ಪ ಕೆಮ್ಮುತ್ತಲೇ ವಾರವಿಡೀ ತುಕ್ಕು ಉಜ್ಜಿದರು. ಭಾನುವಾರ ಬೆಳಿಗ್ಗೆ ಬಾಯ್ಲರಿನ ಕೆಳಗೆ ಮಲಗಿ ತಟ್ಟಿದರು. ಎದ್ದು ಬಂದು, ನೋಡಲು ಬಂದಿದ್ದ ಮಾಲೀಕರ ಮುಂದೆ ಸುತ್ತಿಗೆಯನ್ನು ಜೇಬಿಗೆ ಹಾಕಿಕೊಂಡರು.

"ಆಗಕ್ಕಿಲ್ಲ ಸಾ. ಜೊಳ್ಳಾಗ್ಯದೆ."

"ಐದು ನಿಮಿಷ ಯಜಮಾನ್ರೇ, ಒಂದು ವಿಡಿಯೋಗೆ."

"ಉಗಿಗೆ ನಿಮ್ ವಿಡಿಯೋ ಗೊತ್ತಿಲ್ಲ ಸಾ."

"ಇರ್ಲಿ ಬಿಡಿ, ನಿಮ್ಮ ಕಾಲ ಆದ್ಮೇಲೆ ಮನೆಯವರು ಕೊಡ್ತಾರೆ. ಓಡ್ಸೋರು ಸಿಕ್ಕೇ ಸಿಗ್ತಾರೆ," ಎಂದು ನಗುತ್ತಾ ಅವರು ಕಾರು ಹತ್ತಿದರು.

ದೊಡ್ಡಪ್ಪ ನನ್ನನ್ನೇ ನೋಡುತ್ತಾ ನಿಂತರು. ಮರುದಿನವೇ ಬನ್ನೂರಿನಿಂದ ವೆಲ್ಡಿಂಗ್‌ನವನನ್ನು ಕರೆಸಿ, ಗ್ಯಾಸಿನ ಉರಿಯಲ್ಲಿ ಬಾಯ್ಲರಿಗೆ ತಲೆ ತೂರುವಷ್ಟು ತೂತು ಕೊಯ್ಯಿಸಿದರು. "ಇನ್ ಯಾವ್ ನನ್ಮಗ ಬೆಂಕಿ ಹಾಕ್ತಾನೋ ನೋಡಾನ."

ವೆಲ್ಡಿಂಗ್‌ನವನು ಹೊರಟುಹೋದ. ದೊಡ್ಡಪ್ಪ ನೆಲದ ಮೇಲೆ ಕೂತು, ತೂತಿನಿಂದ ಮೊಳ ದೂರದ ತಗಡಿಗೆ ಅಂಗೈ ಒತ್ತಿ ಕಣ್ಣು ಮುಚ್ಚಿದ್ದರು.

"ಏಳು ದೊಡ್ಡಪ್ಪ, ಊಟದ್ ಹೊತ್ತಾಯ್ತು."

"ತಡಿ ಮಗಾ. ಎಷ್ಟು ವರ್ಸ ಆದ್ಮೇಲೆ ಇದ್ರ್ ಮೈ ಬೆಚ್ಚಗಾಗ್ಯದೆ. ತಣ್ಣಗಾಗೋ ಗಂಟ ಕೂತಿರ್ತೀನಿ."